ಮನೆಮನೆಯ ಕಣ್ಣಿಗೆ ಹನಿ ಹಾಕುವ ಧನಲಕ್ಷ್ಮಿ

ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಮನೆಯೊಂದರಲ್ಲಿ ಕಬಡ್ಡಿ ಆಟಗಾರ ಅನಿಲ್ ಕುಮಾರ್ ಕಪ್ಪು ಕನ್ನಡಕ ತೆಗೆದಿಟ್ಟು ಮಂಚದ ಅಂಚು ಬಿಗಿಯಾಗಿ ಹಿಡಿದು ಕೂತಿದ್ದಾನೆ. ಆರಡಿ ಆಳು ಹೆದರಿರುವುದು ಒಂದು ಹನಿ ಔಷಧಿಗೆ!

"ಮೇಲೆ ನೋಡಪ್ಪ. ಆಟದಲ್ಲೂ ಹಿಂಗೇ ಕಣ್ಮುಚ್ಕೋತೀಯಾ?" ಎನ್ನುತ್ತಲೇ ಧನಲಕ್ಷ್ಮಿ ಕೆಳರೆಪ್ಪೆ ಎಳೆದು ಹನಿ ಬಿಟ್ಟೇಬಿಡುತ್ತಾರೆ. ಅದಕ್ಕೂ ಮೊದಲು ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದಾರೆ. ಸುಮ್ಮನೆ ನೋಡಲು ಬಂದ ನನ್ನ ಕೈಯನ್ನೂ ತೊಳೆಸದೆ ಬಿಟ್ಟಿಲ್ಲ.

ಬಸವನಗುಡಿಯ ಪುಟ್ಟ ಕಣ್ಣಾಸ್ಪತ್ರೆಯೊಂದರಲ್ಲಿ ಇವರು ಆಯಾ. ಗಂಡ ಬಳೇಪೇಟೆಯಲ್ಲಿ ಕೈಗಾಡಿ ತಳ್ಳುತ್ತಿದ್ದರು. ಬೆನ್ನು ಹಿಡಿದು ಮನೆಯಲ್ಲಿ ಕೂತಾಗ ಇವರು ಕಸ ಗುಡಿಸಲು ಸೇರಿದರು. ಓದಿದ್ದು ನಾಲ್ಕನೇ ಕ್ಲಾಸು. 1998ರಲ್ಲಿ ಆಸ್ಪತ್ರೆಗೆ ಕನ್ನಡಕ ಬಿಡಿಸುವ ಲೇಸರ್ ಯಂತ್ರ ಬಂದ ಮೇಲೆ, ಲೇಸರ್ ಆದವರ ಮನೆಮನೆ ಸುತ್ತುವ ಈ ಕೆಲಸ ಅವರ ಪಾಲಿಗೆ ಬಂತು. ಆರು ವರ್ಷವಾಯಿತು. ದಿನಕ್ಕೆ ನಾಲ್ಕೈದು ಮನೆ, ಬಸ್ಸಿಗಿಂತ ಕಾಲ್ನಡಿಗೆಯೇ ಹೆಚ್ಚು.

ಪೆಟ್ಟು ಬೀಳುವ ಕೆಲಸದವರ ಕಣ್ಣಿಗೆ ಡಾಕ್ಟರು ಕರಿಗುಡ್ಡೆಯ ಮೇಲ್ಭಾಗವನ್ನು ಮುಚ್ಚಳದ ಹಾಗೆ ಕತ್ತರಿಸಿ ಎತ್ತುವ ಲೇಸರ್ ಮಾಡುವುದಿಲ್ಲ; ಪೆಟ್ಟು ಬಿದ್ದರೆ ಆ ಮುಚ್ಚಳ ಸರಿದೀತು. ಕರಿಗುಡ್ಡೆಯ ಮೇಲಿನ ತೆಳು ಪದರ ಸವರಿ ತೆಗೆದು ಮೇಲ್ಮೈಗೇ ಲೇಸರ್ ಬಿಡುತ್ತಾರೆ. ಆ ಪದರ ಮತ್ತೆ ಬೆಳೆಯುವ ನಾಲ್ಕೈದು ದಿನ ಉರಿ, ನೀರು, ಮಂಜು. ಅಷ್ಟೂ ದಿನ ಬ್ಯಾಂಡೇಜಿನ ಹಾಗೆ ಒಂದು ತೆಳ್ಳನೆಯ ಲೆನ್ಸ್ ಕಣ್ಣಿನ ಮೇಲಿರುತ್ತದೆ. ನೋಟ ಪೂರ್ತಿ ತಿಳಿಯಾಗಲು ವಾರಗಳೇ ಬೇಕು.

"ಡಾಕ್ಟ್ರ ಕೆಲಸ ಹತ್ತು ನಿಮಿಷ ಸಾರ್. ಆಮೇಲೆ ಕಣ್ಣು ಕಾಯೋದು ಮನೆಯವ್ರ ಕೆಲಸ. ಆ ಮನೆಯವ್ರನ್ನ ಕಾಯೋದು ನನ್ನ ಕೆಲಸ" ಎಂದು ನಗುತ್ತಾರೆ.

ಈ ಜೂನ್‌ನಲ್ಲಿ ಮಾತ್ರ ಅವರ ನಗು ಹಾರಿಹೋಗಿತ್ತು. ಗಾಂಧಿಬಜಾರಿನಲ್ಲಿ ಸೊಪ್ಪು ಮಾರುವ ಮುನಿಗಂಗಮ್ಮನ ಮೊಮ್ಮಗಳು ರಮ್ಯಾ ಪೊಲೀಸ್ ಆಗಬೇಕೆಂದು ಹೊರಟವಳು. ಓಟ ಪಾಸು, ಬರವಣಿಗೆ ಪಾಸು. ಉಳಿದದ್ದು ಕಣ್ಣಿನ ತಪಾಸಣೆ. ಕನ್ನಡಕ ತೆಗೆದರೆ ಎದುರಿಗೆ ಬಂದವರ ಮುಖವೂ ಕಾಣದ ಹುಡುಗಿ. ಲೇಸರ್ ಆಯಿತು. ಕೇರಿಗೆ ಕೇರಿಯೇ ಅವಳನ್ನು ನೋಡಲು ಬಂತು. ಅಷ್ಟು ಜನರ ಕಣ್ಣು ಬಿತ್ತಲ್ಲ ಎಂದು ಅಜ್ಜಿಗೆ ದಿಗಿಲು. ಮೂರನೇ ಬೆಳಗ್ಗೆ ಮೊಮ್ಮಗಳಿಗೆ ದೃಷ್ಟಿ ನೀವಾಳಿಸಿ, ಮುಷ್ಟಿ ತುಂಬ ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿಬಿಟ್ಟರು!

ಧನಲಕ್ಷ್ಮಿ ಒಳಗೆ ಕಾಲಿಟ್ಟಾಗ ಮನೆಯೆಲ್ಲ ಘಾಟು. ರಮ್ಯಾ ಕಣ್ಣುಜ್ಜಿಕೊಂಡು ಚೀರುತ್ತಿದ್ದಾಳೆ. ಕೆನ್ನೆಗೆ ಜಾರಿದ್ದ ಎಡಗಣ್ಣಿನ ಲೆನ್ಸನ್ನು ಅಜ್ಜಿ ಬೆರಳ ತುದಿಯಲ್ಲಿ ಎತ್ತಿಕೊಂಡು, ನಲ್ಲಿ ನೀರಲ್ಲಿ ತೊಳೆದು ಮತ್ತೆ ಕೂರಿಸಲು ಹೊರಟಿದ್ದಾರೆ.

"'ಅಜ್ಜೀ, ಬೇಡಾ!' ಅಂತ ಕಿರುಚ್ದೆ ಸಾರ್. ನಾನು ಯಾವತ್ತೂ ಹಂಗೆ ಕಿರುಚಿದೋಳಲ್ಲ."

ಆಟೋದಲ್ಲಿ ಹುಡುಗಿಯ ಎರಡೂ ಕೈ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿದರು. ಎಳೆ ಪದರ ಕಿತ್ತುಬಂದಿತ್ತು. ಡಾಕ್ಟರು ಹೊಸ ಲೆನ್ಸ್ ಹಾಕಿದರು. ಸೋಂಕು ತಗುಲಿ ಕಲೆ ಉಳಿದರೆ ನೋಟವೂ ಹೋಯಿತು, ಕೆಲಸವೂ ಹೋಯಿತು. ಮುಂದಿನ ಐದು ದಿನ ಧನಲಕ್ಷ್ಮಿ ಬೆಳಗ್ಗೆ, ಸಂಜೆ ಎರಡು ಹೊತ್ತೂ ಆ ಮನೆಯಲ್ಲೇ. "ನನ್ನ ಕೈಯಾರೆ ಮಗೀನ ಕಣ್ಣು ಕಳೆದ್ನಲ್ಲವ್ವಾ" ಎಂದು ಅಳುತ್ತಿದ್ದ ಅಜ್ಜಿಗೆ ಊಟ ಬಡಿಸಿದ್ದೂ ಇವರೇ. ಆರನೇ ದಿನ ಪದರ ಕೂಡಿತು. ಕಲೆ ಉಳಿಯಲಿಲ್ಲ.

ಅಜ್ಜಿಯನ್ನು ದೂರಿದರೆ ಧನಲಕ್ಷ್ಮಿಗೆ ಸಿಟ್ಟೇ ಬರುತ್ತದೆ. "ತಪ್ಪು ನಂದು. ಅಗರಬತ್ತಿ ಬೇಡ, ಒಗ್ಗರಣೆ ಹೊಗೆ ಬೇಡ ಅಂತೆಲ್ಲ ಹೇಳಿದ್ದೆ. ದೃಷ್ಟಿ ತೆಗೀಬೇಡಿ ಅನ್ನೋದು ಹೊಳೀಲೇ ಇಲ್ಲ. ನಮ್ಮನೇಲೂ ತೆಗೀತೀವಲ್ಲ, ಅದೂ ಹೊಗೆ ಅಂತ ಯಾರಿಗೆ ಅನ್ಸುತ್ತೆ?" ಈಗ ಆಸ್ಪತ್ರೆ ಕೊಡುವ ಸೂಚನೆಯ ಚೀಟಿಯಲ್ಲಿ ಒಂದು ಸಾಲು ಹೆಚ್ಚಾಗಿದೆ: ದೃಷ್ಟಿ ತೆಗೆಯುವುದಿದ್ದರೆ ಬರೀ ಉಪ್ಪಿನಲ್ಲಿ ತೆಗೆಯಿರಿ. ಹೇಳಿ ಬರೆಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕಳೆದ ವಾರ ರಮ್ಯಾಳ ತಪಾಸಣೆ ಮುಗಿದಿದೆ. ಎರಡೂ ಕಣ್ಣು ಪಾಸು! ಬರುವ ತಿಂಗಳು ತರಬೇತಿಗೆ ಹೊರಡುತ್ತಾಳೆ.

"ನಿಮಗೇನಾದ್ರೂ ಆಸೆ ಇದೆಯಾ?" ಎಂದು ಕೇಳುತ್ತೇನೆ. ಧನಲಕ್ಷ್ಮಿ ಸ್ವಲ್ಪ ನಾಚುತ್ತಾರೆ.

"ಒಂದೇ ಒಂದಿದೆ ಸಾರ್. ಅವಳು ಕಾಕಿ ಹಾಕ್ಕೊಂಡು ಎಲ್ಲಾದ್ರೂ ರಸ್ತೇಲಿ ನಿಂತಿರ್ಬೇಕು. ನಾನು ಆ ಕಡೆ ಫುಟ್‌ಪಾತಲ್ಲಿ ನಡ್ಕೊಂಡು ಹೋಗ್ತಿರ್ಬೇಕು. ನಾನು ಕರೆಯಲ್ಲ. ಅಷ್ಟು ದೂರದಿಂದ ಅವಳೇ ನನ್ನ ಗುರುತು ಹಿಡೀಬೇಕು."