ಮೇಷ್ಟ್ರು ಬರೆದ ನಿಜವಾದ ವಿಳಾಸ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಮಹಡಿಯಲ್ಲಿ ನಾನು ಬಹಳ ವರ್ಷ ಟೈಪಿಂಗ್ ಕಲಿಸಿದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವವರು ಕಡಿಮೆಯಾದರು. ಒಂದೊಂದಾಗಿ ಟೈಪ್‌ರೈಟರ್‌ಗಳನ್ನು ಮಾರಿ ಕಂಪ್ಯೂಟರ್ ತಂದೆ. ಒಂದೇ ಒಂದು ಹಳೆಯ ಮೆಷಿನ್ ಉಳಿಸಿಕೊಂಡು, ಹೊರಗೆ 'ಇಂಟರ್‌ನೆಟ್' ಎಂದು ಬೋರ್ಡು ಹಾಕಿಸಿದೆ. ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು ಮೆಟ್ಟಿಲ ತನಕ ನಿಲ್ಲುತ್ತಿದ್ದರು. ನನ್ನ ಯಜಮಾನರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಇಬ್ಬರ ದುಡಿಮೆಯಲ್ಲಿ ಸಂಸಾರ ನೆಮ್ಮದಿಯಾಗಿತ್ತು.

ಹೀಗಿರುವಾಗ ಇಂಟರ್‌ನೆಟ್ ಅಂಗಡಿಗಳಿಗೆಲ್ಲ ಒಂದು ನಿಯಮ ಬಂತು. ಕಂಪ್ಯೂಟರ್ ಮುಂದೆ ಕೂರುವ ಪ್ರತಿಯೊಬ್ಬರ ಹೆಸರು, ವಿಳಾಸ, ಬಂದ ಹೊತ್ತು, ಹೋದ ಹೊತ್ತು ಬರೆಸಿ ಸಹಿ ಹಾಕಿಸಬೇಕು. ಪೊಲೀಸರು ಕೇಳಿದರೆ ಪುಸ್ತಕ ತೋರಿಸಬೇಕು. ಕಂಪ್ಯೂಟರ್‌ಗಳ ನಡುವಿನ ಮರೆ ಎದೆಮಟ್ಟಕ್ಕಿಂತ ಎತ್ತರ ಇರಕೂಡದು. ಬಡಗಿಯನ್ನು ಕರೆಸಿ ಪ್ಲೈವುಡ್ ಕೊಯ್ಸಿದೆ. ನಿಜ ಹೇಳಬೇಕೆಂದರೆ ಆಗ ನನಗೆ ಆ ನಿಯಮ ಒಳ್ಳೆಯದೇ ಅನ್ನಿಸಿತ್ತು. ಹೆಣ್ಣುಮಕ್ಕಳನ್ನು ಕಳಿಸುವ ಮನೆಯವರಿಗೂ ಸಮಾಧಾನ. ಸಹಿ ಮಾಡಲು ಗೊಣಗುವವರಿಗೆ, ತಪ್ಪು ಮಾಡದವರಿಗೆ ಯಾಕೆ ಹೆದರಿಕೆ ಎಂದು ನಾನೇ ಬುದ್ಧಿ ಹೇಳುತ್ತಿದ್ದೆ. ಕಾಲೇಜು ಹುಡುಗರು ಸಿನಿಮಾ ನಟರ ಹೆಸರು ಬರೆದು ಮುಸಿಮುಸಿ ನಗುತ್ತಿದ್ದರು. ನಾನೂ ಕಂಡೂ ಕಾಣದಂತೆ ಇರುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಮೇಷ್ಟ್ರೊಬ್ಬರು ಬಂದರು. ಸಾಲಗಾಮೆ ಕಡೆಯ ಒಕ್ಕಲು ಮನೆತನದವರು, ಹಳ್ಳಿಮೈಸೂರು ಹೋಬಳಿಯ ಸರ್ಕಾರಿ ಶಾಲೆಯಲ್ಲಿದ್ದರು. ಹಿಂದೆ ಅವರ ತಂಗಿ ನನ್ನ ಹತ್ತಿರ ಟೈಪಿಂಗ್ ಕಲಿತಿದ್ದಳು. ಎರಡು ಹಾಳೆ ಕೈಬರಹದ ಪತ್ರವನ್ನು ಸ್ಕ್ಯಾನ್ ಮಾಡಿ ಪತ್ರಿಕೆಯೊಂದಕ್ಕೆ ಇ-ಮೇಲ್ ಮಾಡಬೇಕಿತ್ತು. ಪುಸ್ತಕ ಮುಂದಿಟ್ಟಾಗ ಪೆನ್ನು ಹಿಡಿದು ಸ್ವಲ್ಪ ತಡೆದರು.

"ಎಸ್ರು ಬರೀಲೇಬೇಕಾ ತಾಯಿ?"

"ರೂಲ್ಸು ಮೇಷ್ಟ್ರೇ. ಬರೆಸಿ ಇಟ್ಕೊತೀವಿ ಅಷ್ಟೆ, ಯಾರೂ ನೋಡಲ್ಲ."

ಅವರು ಹೆಸರು, ಶಾಲೆ, ಮನೆಯ ಬೀದಿ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ ಬರೆದು ಸಹಿ ಹಾಕಿದರು.

ಸ್ಕ್ಯಾನ್ ಮಾಡುವಾಗ ಪತ್ರ ನನ್ನ ಕಣ್ಣಿಗೆ ಬಿತ್ತು. ಹೊಳೆಯಲ್ಲಿ ಹಗಲುಹೊತ್ತೇ ಮರಳು ತೆಗೆಯುತ್ತಿದ್ದಾರೆ, ಆಚೆ ದಡದ ಮಕ್ಕಳು ಶಾಲೆಗೆ ದಾಟಿ ಬರುವ ಜಾಗದಲ್ಲಿ ಆಳುದ್ದ ಗುಂಡಿಗಳಾಗಿವೆ, ಹೋದ ತಿಂಗಳು ಮುಳುಗುತ್ತಿದ್ದ ಹುಡುಗಿಯೊಬ್ಬಳನ್ನು ಜಡೆ ಹಿಡಿದು ಎಳೆದು ಉಳಿಸಿದೆವು ಎಂದಿತ್ತು. ಲಾರಿಗಳ ನಂಬರನ್ನೂ ಬರೆದಿದ್ದರು. ಹೆಸರು ಪ್ರಕಟಿಸಬೇಡಿ ಎಂದು ಕೊನೆಯಲ್ಲಿ ಕೇಳಿಕೊಂಡಿದ್ದರು.

ಪತ್ರಿಕೆಯವರು ಆ ಮಾತು ಉಳಿಸಿಕೊಂಡರು. ಪತ್ರ ಹೆಸರಿಲ್ಲದೆ ಬಂತು. ಊರಲ್ಲಿ ನಾಲ್ಕು ದಿನ ಅದೇ ಮಾತು. ಇ-ಮೇಲಿನಲ್ಲಿ ಹೋಗಿದೆ ಎನ್ನುವುದು ಹೇಗೋ ಹೊರಬಿತ್ತು. ಆಗ ನಮ್ಮ ಕಡೆ ಇಂಟರ್‌ನೆಟ್ ಇದ್ದದ್ದು ಎರಡೇ ಅಂಗಡಿಯಲ್ಲಿ.

ಮುಂದಿನ ವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪೊಲೀಸಿನವರೊಬ್ಬರು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಬಿಳಿ ಪ್ಯಾಂಟು, ಬಿಳಿ ಶರ್ಟಿನ ಮನುಷ್ಯ. ಮರಳು ಲಾರಿಗಳ ಮಾಲೀಕ. ರಿಜಿಸ್ಟರ್ ಕೊಡಿ ಎಂದರು. ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಕೇಳಿದೆ.

"ಏನಾದ್ರೂ ಲೆಟರ್ ಇದೆಯಾ ಸಾರ್?"

ಪೊಲೀಸಿನವರು ಸಿಟ್ಟಾಗಲಿಲ್ಲ. "ಲೆಟರ್ ಬೇಕಾ ಮೇಡಂ? ತತ್ತೀವಿ. ಅಲ್ಲೀಗಂಟ ಅಂಗ್ಡಿ ಬಾಗ್ಲು ಆಕಿರಿ."

ಪುಸ್ತಕ ಕೊಟ್ಟೆ. ಪತ್ರ ಯಾರು ಕಳಿಸಿದ್ದು ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದೆ. ನಾನಾಗಿ ಹೆಸರು ಹೇಳಲಿಲ್ಲ, ಪುಸ್ತಕ ಮಾತ್ರ ಕೊಟ್ಟೆ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಪುಟ ತಿರುವಿದ್ದು ಪೊಲೀಸಿನವರಲ್ಲ, ಬಿಳಿ ಶರ್ಟಿನವನು. ಸುಳ್ಳು ಹೆಸರುಗಳ ಸಾಲಿನಲ್ಲಿ ಬೆರಳಾಡಿಸುತ್ತಾ ಹೋಗಿ, ದುಂಡಗಿನ ಅಕ್ಷರದ ಹತ್ತಿರ ನಿಲ್ಲಿಸಿದ. ಪೊಲೀಸರಿಗೆ ತೋರಿಸಬೇಕೆಂದು ನಿಯಮವಿತ್ತು, ಸರಿ. ಇವನಿಗೆ ಯಾಕೆ ತೋರಿಸಬೇಕು? ಆ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಪುಸ್ತಕ ತೆಗೆದುಕೊಂಡು ಹೋಗಿ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ, ಹತ್ತು ನಿಮಿಷದಲ್ಲಿ ಜೋಪಾನವಾಗಿ ವಾಪಸ್ ತಂದುಕೊಟ್ಟರು. ಮೇಷ್ಟ್ರಿಗೆ ಆವತ್ತೇ ಹೇಳಿ ಕಳಿಸಬಹುದಿತ್ತು. ಅದನ್ನೂ ಮಾಡಲಿಲ್ಲ.

ಮೂರು ವಾರ ಕಳೆದ ಮೇಲೆ ಮೇಷ್ಟ್ರು ಬಂದರು. ಕೈಯಲ್ಲಿ ಶಿಕ್ಷಣ ಇಲಾಖೆಯ ನೋಟೀಸು. ಸರ್ಕಾರಿ ನೌಕರರಾಗಿದ್ದು ಮೇಲಿನವರ ಅನುಮತಿಯಿಲ್ಲದೆ ಪತ್ರಿಕೆಗೆ ಬರೆದದ್ದಕ್ಕೆ ಸಮಜಾಯಿಷಿ ಕೇಳಿದ್ದರು. ಜೊತೆಗೆ ಪಿನ್ನು ಹಾಕಿ ಲಗತ್ತಿಸಿದ್ದು ನನ್ನ ಪುಸ್ತಕದ ಪುಟ. ನಾನು ಗೆರೆ ಎಳೆದಿದ್ದ ಕಾಲಮ್ಮುಗಳು, ಅಂಚಿನಲ್ಲಿ ನಾನೇ ಹಾಕಿದ ಪುಟಸಂಖ್ಯೆ. ಆವತ್ತು ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅವರು ಒಂದು ಕಠಿಣ ಮಾತನ್ನೂ ಆಡಲಿಲ್ಲ. ಅದೇ ಕಷ್ಟವಾಯಿತು.

"ನೀವೊಂದು ಕಾಗ್ದ ಬರ್ಕೊಟ್ರೆ ಸಾಕು ತಾಯಿ," ಎಂದರು. "ಆರ್ಡ್ರಿಲ್ದೆ ಪುಸ್ತಕ ಇಸ್ಕೊಂಡ್ರು, ಜೊತೇಲಿ ಇಂತೋನಿದ್ದ ಅಂತ. ಆಗಿದ್ದೇ ಬರೀರಿ, ಇನ್ನೇನೂ ಬ್ಯಾಡ."

ನೋಡ್ತೀನಿ ಎಂದೆ. ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು, ನಾಳೆ ಇಂಥದೇ ನೋಟೀಸು ನನ್ನ ಮೇಜಿಗೆ ಬಂದರೆ ನಮಗೆ ಯಾರು ಬರೆದುಕೊಡುತ್ತಾರೆ ಎಂದರು. ಹಾಸನಕ್ಕೆ ಹೋಗಿ ಪರಿಚಯದ ವಕೀಲರನ್ನು ಕಂಡೆ. ನಿಯಮದಲ್ಲಿ ಪುಸ್ತಕ ತೋರಿಸಬೇಕೆಂದು ಇದೆ, ಹೇಗೆ ಕೇಳಬೇಕು, ಜೊತೆಗೆ ಯಾರಿರಬಾರದು ಎನ್ನುವುದನ್ನೆಲ್ಲ ಯಾರು ನೋಡುತ್ತಾರೆ ಎಂದರು ಅವರು. "ಯಾಪಾರ ಮಾಡೋರು ಯಾಪಾರ ಮಾಡ್ಕೊಂಡಿರ್ಬೇಕಮ್ಮ" ಎಂದು ಕಾಫಿ ತರಿಸಿದರು.

ಆದರೂ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಹಳೆಯ ಮೆಷಿನ್ನಿಗೆ ಹಾಳೆ ಏರಿಸಿ ಟೈಪ್ ಮಾಡಿದೆ. ಆರು ಸಾಲು. ಒಂದೂ ತಪ್ಪು ಬೀಳಲಿಲ್ಲ. ಕೆಳಗೆ ನನ್ನ ಹೆಸರೂ ಟೈಪಾಯಿತು. ಸಹಿ ಮಾತ್ರ ಹಾಕಲಾಗಲಿಲ್ಲ. ಸಂಜೆಗೆ ಮುಂಚೆ ಹರಿದು ಹಾಕಿದೆ.

ಮೇಷ್ಟ್ರು ಮತ್ತೊಮ್ಮೆ ಬಂದಾಗ, ಆಗಲ್ಲ ಎಂದೆ. ಕಾರಣ ಹೇಳಲು ಶುರುಮಾಡಿದರೆ ಅವರೇ ತಡೆದು, "ಆಯ್ತು ಬುಡಿ ತಾಯಿ, ನಿಮ್ದೂ ಸಂಸಾರ" ಎಂದರು. ನೀರು ಕೇಳಿ ಕುಡಿದು ಇಳಿದುಹೋದರು.

ಇನ್‌ಕ್ರಿಮೆಂಟ್ ತಡೆದು ಅವರನ್ನು ಅರಕಲಗೂಡಿನ ಕಡೆಯ ಒಂದು ಶಾಲೆಗೆ ಹಾಕಿದರು. ಮಕ್ಕಳ ಓದಿಗಾಗಿ ಹೆಂಡತಿ ಇಲ್ಲೇ ಉಳಿದರು, ಮೇಷ್ಟ್ರು ಅಲ್ಲಿ ರೂಮು ಮಾಡಿಕೊಂಡು ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಕಿಟಕಿಯಿಂದ ಅವರು ಬಸ್ಸು ಕಾಯುವುದು ಕಾಣುತ್ತಿತ್ತು. ಸೋಮವಾರ ಬೆಳಿಗ್ಗೆ ನಾನು ಕಿಟಕಿಯ ಹತ್ತಿರ ಹೋಗುವುದನ್ನು ಬಿಟ್ಟೆ. ಪುಸ್ತಕ ಬರೆಸುವುದನ್ನು ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಯಾರೂ ನೋಡಲ್ಲ ಎನ್ನುವ ಮಾತನ್ನು ಮಾತ್ರ ಮತ್ತೆ ಯಾರಿಗೂ ಹೇಳಲಿಲ್ಲ. ಮರಳು ಲಾರಿಗಳು ಒಂದು ತಿಂಗಳು ನಿಂತಿದ್ದು ಮತ್ತೆ ಓಡಾಡಿದವು.

ಕೆಲವು ವರ್ಷಗಳ ನಂತರ ಚನ್ನರಾಯಪಟ್ಟಣದ ಒಂದು ಕಲ್ಯಾಣಮಂಟಪದಲ್ಲಿ ಅವರನ್ನು ಕಂಡೆ. ಮೇಷ್ಟ್ರ ತಲೆ ಪೂರ್ತಿ ನರೆತಿತ್ತು. ಅವರೇ ಎದ್ದು ಬಂದು ಮಾತಾಡಿಸಿದರು. ಊಟವಾಯಿತಾ ಎಂದು ಕೇಳಿದರು, ಯಜಮಾನರ ಆರೋಗ್ಯ ವಿಚಾರಿಸಿದರು. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದರು.

"ಇವ್ರು ನಮ್ಮ ಟೈಪಿಂಗ್ ಮೇಡಮ್ಮು, ತಂಗಿಗೆ ಕಲಿಸ್ದೋರು" ಎಂದರು.

ಆಕೆ ನನ್ನನ್ನು ಒಂದು ಗಳಿಗೆ ನೋಡಿದರು.

"ಗೊತ್ತು" ಎಂದರು.

ಸೆರಗು ಸರಿಮಾಡಿಕೊಂಡು, ಧಾರೆಗೆ ಹೊತ್ತಾಯಿತೆಂದು ಮಂಟಪದ ಕಡೆ ನಡೆದರು. ಮೇಷ್ಟ್ರೂ ಕೈಮುಗಿದು ಅವರ ಹಿಂದೆ ಹೋದರು. ನಾನು ಅಕ್ಷತೆ ಹಿಡಿದುಕೊಂಡು ಕಂಬದ ಹತ್ತಿರ ನಿಂತೇ ಇದ್ದೆ.