ದತ್ತುವಿನ ಬೀಗ

ಬೀಗ ಇತ್ತು, ಅಕ್ಕಾ. ಇರಲಿಲ್ಲ ಎಂದು ನಿನಗೆ ಸುಳ್ಳು ಹೇಳಿದೆ. ಆರು ವರ್ಷವಾಯಿತು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿಕೊಂಡು ಓದು. ಪವಾಯಿಯ ಆಫೀಸಿನಲ್ಲಿ ಗಾಳಿಯಂತ್ರಗಳ ಆಪರೇಷನ್ಸ್ ಮ್ಯಾನೇಜರ್ ಆದ ಮೇಲೆ ನೀನು ನನ್ನನ್ನೂ ಘಾಟಿನ ಮೇಲಿನ ಸೈಟಿಗೆ ಸೇರಿಸಿದೆ. ರಿಪೇರಿಗೆ ಯಂತ್ರ ಹತ್ತುವ ಪ್ರತಿಯೊಬ್ಬನೂ ಕೆಳಗಿನ ಸ್ವಿಚ್ಚಿಗೆ ತನ್ನ ಬೀಗ ಹಾಕಬೇಕು; ಒಂದು ಬೀಗವಿದ್ದರೂ ಯಂತ್ರ ಚಾಲೂ ಆಗದು. ಇಳಿದ ಮೇಲೆ ತಾನೇ ತೆಗೆಯಬೇಕು. ಎಲ್ಲ ಬೀಗ ಹೋದ ಮೇಲೆ ಕೆಳಗಿನಿಂದ ಫೋನ್ ಬಂದರೆ ನೀನು ಪವಾಯಿಯಿಂದಲೇ ಚಾಲೂ ಮಾಡುತ್ತಿದ್ದೆ. ಕೆಳಗೆ ನಿಂತು ನೋಡಿಕೊಳ್ಳುವುದು ನನ್ನ ಕೆಲಸ.

ಆ ದಿನ ಮೂವರು ಹತ್ತಿದ್ದರು. ಇಬ್ಬರು ಇಳಿದು ಜೀಪಿನ ಕಡೆ ಹೋದರು. ಒಂದು ಬೀಗ ಉಳಿದಿತ್ತು — ದತ್ತುವಿನದು. ಹಿಂದೆ ಎರಡು ಸಲ ಅವನು ಇಳಿದ ಮೇಲೆ ಬೀಗ ತೆಗೆಯಲು ಮರೆತು ಚಹಾಕ್ಕೆ ಹೋಗಿದ್ದ. ಈಗಲೂ ಹಾಗೇ ಎಂದುಕೊಂಡೆ. ಒಂದು ಕೂಗು ಹಾಕಬಹುದಿತ್ತು — ಹಾಕಲಿಲ್ಲ. ಡಬ್ಬಿಯಲ್ಲಿದ್ದ ಇನ್ನೊಂದು ಕೀಲಿಕೈಯಿಂದ ತೆಗೆದು ನಿನಗೆ ಫೋನ್ ಮಾಡಿದೆ.

ಬೇರೆಯವರು ಫೋನ್ ಮಾಡಿದರೆ ಯಂತ್ರ ಹತ್ತಿದ್ದ ಒಬ್ಬೊಬ್ಬರ ದನಿಯನ್ನೂ ನೀನು ಕೇಳಿಸಿಕೊಳ್ಳುತ್ತಿದ್ದೆ. ನನ್ನ ದನಿ ಕೇಳಿ ಇಷ್ಟೇ ಅಂದೆ: “ಎಲ್ಲಾರೂ ಇಳದಾರೇನೋ?”

“ಇಳದಾರ, ಅಕ್ಕಾ.”

ರೆಕ್ಕೆ ತಿರುಗಿತು. ಮೇಲೆ ದತ್ತುವಿನ ಬಲಗೈ ಗೇರಿನ ಹಲ್ಲುಗಳ ನಡುವೆ ಇತ್ತು.

ಗಡಿಬಿಡಿಯಲ್ಲಿ ಬೀಗವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ಕೇಳಿದೆ: “ತಮ್ಮಾ, ಅವಂದು ಬೀಗ ಇತ್ತೇನು? ಖರೇ ಹೇಳು.” ಇರಲಿಲ್ಲ ಎಂದೆ. ನೀನು ಮತ್ತೆ ಕೇಳಲಿಲ್ಲ.

ವಿಚಾರಣೆಯಲ್ಲಿ ದತ್ತು ತಾನು ಬೀಗ ಹಾಕಿದ್ದೆನೆಂದು ಆಣೆ ಮಾಡಿದ. ಯಾರೂ ನಂಬಲಿಲ್ಲ, ತಪ್ಪು ಅವನದೇ ಎಂದು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಅವನ ದನಿ ಕೇಳದೆ ಚಾಲೂ ಮಾಡಿದ್ದು ತನ್ನ ತಪ್ಪೆಂದು ನೀನು ಬರೆದುಕೊಟ್ಟು ಕೆಲಸ ಬಿಟ್ಟೆ. ನನ್ನ ಹೆಸರು ಎತ್ತಲೇ ಇಲ್ಲ. ನಾನು ಬಾಗಿಲ ಬಳಿ ನಿಂತಿದ್ದೆ.

ಈಗ ನೀನು ಮುಲುಂಡಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೀ. ನಾನು ಚೆಂಬೂರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತೇನೆ. ಪ್ರತಿ ರವಿವಾರ ನಿನ್ನಲ್ಲಿಗೆ ಉಣ್ಣಲು ಬರುತ್ತೇನೆ. “ಇನ್ನೊಂದ್ ರೊಟ್ಟಿ ನೀಡ್ಲೇನೋ? ಲಿಫ್ಟಿನ್ಯಾಗ ಅಡ್ಡಾಡವ್ರಿಗೆ ಹಸಿವು ಆಗಂಗಿಲ್ಲೇನು?” ಎನ್ನುತ್ತೀ. ನೀಡಿಸಿಕೊಳ್ಳುತ್ತೇನೆ. ಅಳು ಬರುವುದಿಲ್ಲ. ನಿದ್ದೆ ಬರುತ್ತದೆ — ಬರಬಾರದಿತ್ತು, ಆದರೂ —

ಇದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ. ನೀನು ಮತ್ತೆ ಊಟಕ್ಕೆ ಕರೆಯದಿದ್ದರೂ ಸರಿ. ನಾಳೆ ಆ ಹಾಳೆ, ಆ ಬೀಗ ಎರಡನ್ನೂ ತೆಗೆದುಕೊಂಡು ದತ್ತುವಿನ ಊರಿಗೆ ಹೋಗುತ್ತೇನೆ. ಬೀಗದ ಮೇಲೆ ಅವನು ಬಿಳಿ ಬಣ್ಣದಲ್ಲಿ ಬರೆದ ಹೆಸರು ಇನ್ನೂ ಅಳಿಸಿಲ್ಲ. ಅದನ್ನು ಅವನು ಎಡಗೈಯಲ್ಲಿ ತೆಗೆದುಕೊಳ್ಳಬೇಕಾಗುತ್ತದೆ.