ಸಡಿಲವಾಗಿದೆ ಎಂದು ನಾನು ಹೇಳಿದ ಹಗ್ಗ

ಶನಿವಾರ, ಬೆಳಿಗ್ಗೆ ಆರೂವರೆ ಗಂಟೆ. ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ಸರೋಜ, ನಿನ್ನ ಮಗಳು ನಿಧಿ.

ಶ್ರೀಧರ, ಆರು ವರ್ಷದ ಹಿಂದೆ ಆ ಕಣಿವೆಯಲ್ಲಿ ನಿನ್ನನ್ನು ತಡೆದದ್ದು ಭಯವಲ್ಲ. ನಾನು. ಹಗ್ಗ ನನ್ನ ಕೈಯಲ್ಲಿತ್ತು, ನಾನು ಬಿಡಲಿಲ್ಲ. ಬೇಕೆಂದೇ ಬಿಡಲಿಲ್ಲ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಬೇರೆ ರೀತಿ ಬರೆಯಲು ನನಗೆ ಬರುವುದಿಲ್ಲ.

ನಿಧಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. "ಸಿಕ್ಸ್ ಥರ್ಟಿ ಅಂದ್ರೆ ಸಿಕ್ಸ್ ಥರ್ಟಿ, ನೋಡಿ ಅಂಕಲ್!" ಎಂದಳು. "ಒಂದು ನಿಮಿಷ ತಡ ಆಗಿದ್ರೂ ಇವರು ಬಾಗಿಲು ತೆಗೀತಿರಲಿಲ್ಲ ಕಣೇ," ಎಂದು ಸರೋಜ ನಕ್ಕಳು. ಬಂಡೆ ಹತ್ತಿದ ದಿನಗಳನ್ನೆಲ್ಲ ನಾನು ಬರೆದಿಡುವ ದಪ್ಪ ಪುಸ್ತಕವನ್ನು ಹುಡುಗಿ ತೆರೆದಳು. ಯಾರು ಬಂದಿದ್ದರು, ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ನಿಂತೆವು ಎಂಬುದೆಲ್ಲ ಅದರಲ್ಲಿದೆ. ಪುಟದ ಕೊನೆಗೆ ಎರಡು ಸಹಿ: ಬರೆದವರು, ಪರಿಶೀಲಿಸಿದವರು. ಔಷಧಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮಾಡಿದ್ದನ್ನು ಬಂಡೆಯ ಬುಡದಲ್ಲೂ ಮಾಡಿಸಿದವನು ನಾನು. ಆ ಕಣಿವೆಯ ಪುಟ ಅವಳಿಗೆ ಬೇಗ ಸಿಕ್ಕಿತು. ಗಟ್ಟಿಯಾಗಿ ಓದಿದಳು: "ಮೂರನೇ ಹಂತದಲ್ಲಿ ಶ್ರೀಧರ ಹೆದರಿ ನಿಂತ. ಇಳಿಸಲಾಯಿತು." ಕೆಳಗೆ ನಿನ್ನ ಸಹಿ.

"ಅಪ್ಪ ಈಗ ಎಸ್ಕಲೇಟರ್ ಮೇಲೂ ಎರಡೂ ಕೈಲಿ ಹಿಡ್ಕೊಂಡು ನಿಲ್ತಾರೆ, ಅಂಕಲ್. ನಮ್ಮನೇಲಿ ಅದು ಜೋಕ್," ಎಂದಳು. ಆಮೇಲೆ ನಗು ನಿಲ್ಲಿಸಿ, "ನೆಕ್ಸ್ಟ್ ವೀಕ್ ಅದೇ ರೂಟ್ ನಾನು ಲೀಡ್ ಮಾಡ್ತೀನಿ. ಹಗ್ಗ ನೀವು ಹಿಡಿದ್ರೆ ಮಾತ್ರ ಕಳಿಸ್ತೀನಿ ಅಂದ್ರು ಅಪ್ಪ. ಓನ್ಲಿ ಯು."

ಸರೋಜ ನನ್ನ ಮುಖ ನೋಡಿದಳು. "ಏನಾಯ್ತ್ರೀ?" ಎಂದಳು. ಸಂಜೆಯೊಳಗೆ ತಿಳಿಸುತ್ತೇನೆಂದು ಹೇಳಿ ಹುಡುಗಿಯನ್ನು ಕಳಿಸಿದೆ.

ಈಗ ದ್ವೇಷದ ಮಾತು. ಅದನ್ನು ಬಿಟ್ಟು ಬರೆದರೆ ಇದೂ ಸುಳ್ಳಾಗುತ್ತದೆ.

ಕಾರ್ಖಾನೆಯ ಶೀತಲ ಕೋಣೆಯ ಉಷ್ಣಾಂಶವನ್ನು ಎರಡು ಗಂಟೆಗೊಮ್ಮೆ ನೋಡಿ ಬರೆಯಬೇಕು, ನೋಡಿದ ಕ್ಷಣದಲ್ಲೇ ಬರೆಯಬೇಕು. ಆ ನಿಯಮ ನಿನಗೆ ಕಲಿಸಿದವನು ನಾನು. ಒಂದು ದಿನ ಎರಡು ಗಂಟೆಯದನ್ನು ನಾನೇ ತಪ್ಪಿಸಿ, ನಾಲ್ಕಕ್ಕೆ ಎರಡನ್ನೂ ಒಟ್ಟಿಗೆ ಬರೆದೆ. ತಪಾಸಣೆಯವರು ಬಂದರು. ಪುಟ ತಿರುವುತ್ತ ಯಾರೋ ಏನೋ ಕೇಳಿದರು. ನೀನು, ನನ್ನ ಪಕ್ಕದಲ್ಲಿ ನಿಂತಿದ್ದ ನೀನು, ಹೇಳಿದೆ: "ಇದು ಸರ್ ಆಮೇಲೆ ಬರೆದದ್ದು."

ನೀನು ಹೇಳಿದ್ದು ನಿಜ. ಸುಳ್ಳು ಹೇಳಿದ್ದರೆ ಕ್ಷಮಿಸುತ್ತಿದ್ದೆನೇನೋ — ನಿಜ ಹೇಳಿದ್ದನ್ನು ಕ್ಷಮಿಸಲಾಗಲಿಲ್ಲ. ಬಾಗಿಲು ಹಾಕಿ ನನ್ನ ಕೋಣೆಯಲ್ಲಿ ಹೇಳಬಹುದಿತ್ತಲ್ಲ? ಅಪರಿಚಿತರ ಮುಂದೆ ಹೇಳಿದೆ. ನನ್ನ ಸಹಿಗೆ ಬೆಲೆ ಇಲ್ಲವಾಯಿತು. ಕೊನೆಯ ಎಂಟು ತಿಂಗಳು ರಟ್ಟಿನ ಪೆಟ್ಟಿಗೆಗಳ ಗೋದಾಮಿನಲ್ಲಿ ಕುರ್ಚಿ ಹಾಕಿಕೊಟ್ಟರು. ಬೀಳ್ಕೊಡುಗೆ ಆಗಲಿಲ್ಲ. ಒಂದು ಗೋಡೆ ಗಡಿಯಾರವನ್ನು ಡ್ರೈವರ್ ಕೈಲಿ ಮನೆಗೆ ಕಳಿಸಿದರು. ಅದನ್ನು ನಾನು ಗೋಡೆಗೆ ಹಾಕಲಿಲ್ಲ, ಬಿಸಾಡಲೂ ಇಲ್ಲ. ಕಪಾಟಿನಲ್ಲಿ ಓಡುತ್ತಿರಲಿ ಎಂದು ಬ್ಯಾಟರಿ ಬದಲಿಸುತ್ತಿದ್ದೆ.

ಅದಾದ ಮೇಲೆಯೇ ನಿನಗೆ ಬಂಡೆ ಹತ್ತುವುದನ್ನು ಕಲಿಸಿದೆ. ನೀನೇ ಕೇಳಿಕೊಂಡು ಬಂದೆ. ನಾನು ಎಲ್ಲ ಮರೆತೆನೆಂದು ನಿನಗೆ ಸಂತೋಷವಾಗಿತ್ತು. ಕಾಲೇಜಿನ ದಿನಗಳಲ್ಲಿ ರಾಮನಗರದ ಬಂಡೆಗಳಲ್ಲಿ ನಾನು ಕಲಿತದ್ದನ್ನು ಎರಡು ವರ್ಷ, ಪ್ರತಿ ಭಾನುವಾರ, ನಿನ್ನ ಕೈಗೆ ಕಲಿಸಿದೆ. ಗಂಟು, ಬೆಣೆ, ಕಾಲಿಡುವ ರೀತಿ. ಮೊದಲಿನಿಂದಲೇ ಯೋಚಿಸಿದ್ದೆನೆ? ಇಲ್ಲ — ಆದರೆ ಕಾಯುತ್ತಿದ್ದೆ. ಯಾವುದಕ್ಕೆಂದು ಕಣಿವೆ ಮುಟ್ಟಿದ ಮೇಲೆ ತಿಳಿಯಿತು.

ಉತ್ತರಕ್ಕೆ ಇಡೀ ದಿನದ ದಾರಿ. ಡಾಂಬರು ಮುಗಿದು, ಒಣಗಿದ ನದಿಯ ಮರಳಿನಲ್ಲಿ ಜೀಪು ನಿಲ್ಲಿಸಿ, ಮರುದಿನ ಬೆಳಿಗ್ಗೆ ಎರಡು ಗಂಟೆ ನಡೆದೆವು. ಸುತ್ತ ಮುಳ್ಳುಗಿಡ ಬಿಟ್ಟರೆ ಏನಿಲ್ಲ, ಯಾರಿಲ್ಲ. ಬಂಡೆ ಹತ್ತುವ ದಾರಿ ಕಷ್ಟದ್ದಲ್ಲ, ನಾಲ್ಕು ಹಂತದ ಮಧ್ಯಮ ದರ್ಜೆಯದು. ಬಂಡೆಯಲ್ಲಿ ಮೊದಲೇ ಹೊಡೆದ ಮೊಳೆಗಳಿಲ್ಲ. ಮುಂದೆ ಹತ್ತುವವನು ಬಿರುಕಿಗೆ ಲೋಹದ ಬೆಣೆ ಸಿಕ್ಕಿಸಿ, ಅದಕ್ಕೆ ಹಗ್ಗ ತೂರಿಸುತ್ತ ಹೋಗಬೇಕು. ಕೆಳಗಿನವನು ಬೇಕಾದಷ್ಟೇ ಹಗ್ಗ ಬಿಡುತ್ತ ಹೋಗಬೇಕು. ಅಷ್ಟೇ ಕೆಲಸ. ಅಷ್ಟೇ ನಂಬಿಕೆ.

ಮೂರನೇ ಹಂತ ನಿನ್ನದು. ಬಂಡೆ ಹೊಟ್ಟೆಯಂತೆ ಉಬ್ಬಿದ ಕಡೆ ನೀನು ಕಣ್ಣಿಗೆ ಮರೆಯಾದೆ. ಒಂದು ಬೆಣೆ ಹಾಕಿದ ಸದ್ದು ಕೇಳಿಸಿತು, ಇನ್ನೊಂದರದೂ. ಹಗ್ಗ ನನ್ನ ಕೈಯಿಂದ ಜಾರುತ್ತಿತ್ತು. ಆಗ ನಾನು ಮುಷ್ಟಿ ಬಿಗಿದೆ.

"ಸರ್, ಹಗ್ಗ!"

ನಾನು ಒಂದು ಗೇಣು ಬಿಟ್ಟು, ಅಷ್ಟನ್ನೇ ಮತ್ತೆ ಎಳೆದುಕೊಂಡೆ.

"ಸರ್, ಹಗ್ಗ ಬಿಡಿ! ಬಿಗಿ ಇದೆ!"

"ಸಡಿಲವಾಗೇ ಇದೆ ಶ್ರೀಧರ," ಎಂದು ಕೂಗಿದೆ. "ಹಗ್ಗ ಅಲ್ಲ, ನಿನಗೆ ಭಯ. ಕಾಲೆತ್ತು."

ನೀನು ನಂಬಿದೆ. ನಿನ್ನ ಸೊಂಟವನ್ನು ಎಳೆಯುತ್ತಿದ್ದ ಹಗ್ಗಕ್ಕಿಂತ ನನ್ನ ಮಾತನ್ನು ನಂಬಿದೆ. ಇಪ್ಪತ್ತು ನಿಮಿಷ — ಗಡಿಯಾರ ನೋಡಿಕೊಂಡೇ ಇದ್ದೆ — ನಿನ್ನ ಕಾಲಿನ ನಡುಕ ಹಗ್ಗದಲ್ಲಿ ಇಳಿದು ನನ್ನ ಅಂಗೈಗೆ ಬರುತ್ತಿತ್ತು. ಹಿತವಾಗಿತ್ತು. ಇದನ್ನು ಬರೆಯಲೇಬೇಕು: ಹಿತವಾಗಿತ್ತು. ಗೋದಾಮಿನ ಒಂದೊಂದು ದಿನವೂ ನಿನ್ನ ಮೈಯಿಂದ ವಸೂಲಾದಂತೆ.

"ಆಗಲ್ಲ ಸರ್. ಇಳಿಸಿಬಿಡಿ."

ಇಳಿಸಿದೆ. ಬಹಳ ಜೋಪಾನವಾಗಿ ಇಳಿಸಿದೆ. ಆಮೇಲೆ ನಿನ್ನ ಬೆಣೆ ತರುವ ನೆಪದಲ್ಲಿ ಅರವತ್ತಾರರ ನಾನು ನಿನ್ನ ಎದುರೇ ಆ ಉಬ್ಬನ್ನು ದಾಟಿದೆ. ಆಗ ಹಗ್ಗ ಹಿಡಿದವನು ನೀನು. ಒಮ್ಮೆಯೂ, ಒಂದು ಬೆರಳಿನಷ್ಟೂ, ತಡ ಮಾಡಲಿಲ್ಲ. ಮೇಲಿನ ಕಟ್ಟೆಯಲ್ಲಿ ಕೂತು ಅದನ್ನು ಗಮನಿಸಿದೆ. ಗಮನಿಸಿಯೂ ಇಳಿದು ಬಂದು, ಮರಳಿನಲ್ಲಿ ಕೂತು, ಆ ವಾಕ್ಯ ಬರೆದು, ಪುಸ್ತಕ ನಿನಗೆ ಚಾಚಿದೆ. ನೀನು ಸಹಿ ಹಾಕಿ, "ನೀವು ಇರೋದಕ್ಕೆ ಬದುಕಿದೆ ಸರ್" ಎಂದೆ. ಮತ್ತೆಂದೂ ಬಂಡೆ ಮುಟ್ಟಲಿಲ್ಲ. ಪ್ರತಿ ದೀಪಾವಳಿಗೆ ಸಿಹಿ ತಂದು ನನ್ನ ಕಾಲು ಮುಟ್ಟಿದೆ. ನಾನು ಮುಟ್ಟಿಸಿಕೊಂಡೆ.

ಇವತ್ತು ಮಧ್ಯಾಹ್ನ ಎರಡಕ್ಕೆ ಪುಸ್ತಕ ತೆರೆದೆ. ಕಾರ್ಖಾನೆಯ ನಿಯಮ ನಿನಗೂ ಗೊತ್ತು: ತಪ್ಪನ್ನು ಅಳಿಸಬಾರದು, ಕೆರೆದು ಮುಚ್ಚಬಾರದು. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಹಾಗೇ ಮಾಡಿದೆ. "ಹಗ್ಗವನ್ನು ನಾನು ಬೇಕೆಂದೇ ಬಿಗಿಹಿಡಿದೆ. ಶ್ರೀಧರ ಹೆದರಲಿಲ್ಲ." ಸರೋಜಳಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ನಾಲ್ಕಕ್ಕೆ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ನಿನ್ನ ಗೇಟಿನ ಮುಂದಿದ್ದೆ. ನೀನು ಆ ಪುಟವನ್ನು ನಿಂತೇ ಓದಿದೆ. ಬಹಳ ಹೊತ್ತು. ಬಯ್ಯುತ್ತೀಯೆಂದು ಕಾದೆ.

"ಆ ಉಬ್ಬಿನ ಮೇಲೆ ಎಡಗಡೆ ಒಂದು ಹಿಡಿ ಇತ್ತಲ್ವಾ, ಸರ್?"

"ಇತ್ತು."

"ನನ್ನ ಬೆರಳು ಅದನ್ನ ಮುಟ್ಟಿತ್ತು."

ಆಮೇಲೆ ನನ್ನ ಜೇಬಿನಿಂದ ನೀನೇ ಪೆನ್ನು ತೆಗೆದುಕೊಂಡೆ. ಪರಿಶೀಲಿಸಿದವರು ಎಂಬಲ್ಲಿ ಇದ್ದ ನಿನ್ನ ಹಳೆಯ ಸಹಿಯ ಮೇಲೆ ಒಂದೇ ಗೆರೆ ಎಳೆದೆ, ಪಕ್ಕದಲ್ಲಿ ದಿನಾಂಕ ಹಾಕಿದೆ — ನಾನು ಕಲಿಸಿದಂತೆಯೇ. ಹೊಸ ಸಹಿ ಹಾಕಲಿಲ್ಲ. ಪುಸ್ತಕ ಕೊಡುತ್ತ ಹೇಳಿದೆ: "ಇದನ್ನೂ ಆಮೇಲೆ ಬರೆದಿರಿ, ಸರ್."

ಗೇಟು ಹಾಕಿಕೊಂಡಿತು.

ವಾಪಸು ಬರುವಾಗ ಕಾರಿನಲ್ಲಿ ಅದೇ ಹಳೆಯ ಸಿಟ್ಟು ಮತ್ತೆ ಏರಿತು. ಅದೇ ಮಾತು, ಅದೇ ದನಿ. ಆ ಸಿಟ್ಟು ಸತ್ತಿದೆಯೆಂದು ನಿನಗೆ ಹೇಳಲಾರೆ. ಅದು ನನ್ನೊಳಗೆ ಇರುವ ತನಕ ಯಾರ ಹಗ್ಗವೂ ನನ್ನ ಕೈಯಲ್ಲಿ ಇರಕೂಡದು.

ಐದೂಮುಕ್ಕಾಲು. ನಿಧಿಗೆ ಸಂದೇಶ ಕಳಿಸಿದೆ: ನಿನ್ನ ಹಗ್ಗ ಹಿಡಿಯಲು ನಾನು ಬರುವುದಿಲ್ಲ. ಅಪ್ಪನನ್ನು ಕೇಳು, ಅವನ ಕೈ ತಡ ಮಾಡುವುದಿಲ್ಲ. ಕಪಾಟಿನ ಗಡಿಯಾರದ ಬ್ಯಾಟರಿ ತೆಗೆದೆ. ಹಗ್ಗವನ್ನು ಸುರುಳಿ ಸುತ್ತಿ, ತುದಿ ಕಟ್ಟಿ, ಮೊಳೆಗೆ ನೇತುಹಾಕಿದೆ.